ಬೇಲಿಯಿಲ್ಲದ ಕಡಲಿನ ಕಾವಲು

ಗದ್ದೆಗೆ ಅಂಚು ಇದೆ. ತೋಟಕ್ಕೆ ಬೇಲಿ ಇದೆ. ಕಡಲಿಗೆ ಇವೆರಡೂ ಇಲ್ಲ. ಒಂದೇ ಊರಿನ ನಾಲ್ಕು ದೋಣಿಗಳು ಒಂದೇ ಮೀನಿನ ಹಿಂಡಿನ ಬೆನ್ನು ಹತ್ತಿದವು ಎಂದುಕೊಳ್ಳಿ. ಆ ಮೀನು ಯಾರದು? ಮೊದಲು ಕಂಡವರದೋ, ಮೊದಲು ಬಲೆ ಬಿಟ್ಟವರದೋ, ದೊಡ್ಡ ಬಲೆ ಇದ್ದವರದೋ?

ಇವತ್ತಿನ ಮಾತು ಈ ಜಗಳದ ಬಗ್ಗೆ. ಕೈಯಲ್ಲಿ ಹೆಚ್ಚೇನೂ ಇಲ್ಲದ ಜನ ತಮ್ಮೊಳಗಿನ ತಕರಾರನ್ನು ಹೇಗೆ ತೀರಿಸಿಕೊಳ್ಳುತ್ತಾರೆ? ಹೊರಗಿನಿಂದ ತಕರಾರು ಬಂದರೆ ಏನು ಮಾಡುತ್ತಾರೆ? ಇವರಿಗೆ ಕೋರ್ಟು ಕಚೇರಿ ಅಲೆಯಲು ದುಡ್ಡಿಲ್ಲ. ಕಾವಲಿಗೆ ದೋಣಿ ಇಡೋಣವೆಂದರೆ ಡೀಸೆಲ್ಲಿಗೆ ಗತಿಯಿಲ್ಲ. ನಾಲ್ಕು ದಿನ ಕಡಲಿಗೆ ಇಳಿಯದಿದ್ದರೆ ಗಂಜಿಗೂ ತತ್ವಾರ. ಇಂಥವರು ಮಾಡಿಕೊಳ್ಳುವ ಕಟ್ಟಳೆಗೆ ಒಂದು ಗುಣ ಇರಲೇಬೇಕು. ಅದನ್ನು ಕಾಯಲು ಖರ್ಚಾಗಬಾರದು. ನಾನು ಹೇಳಬೇಕೆಂದಿರುವುದು ಇದೊಂದೇ ಸಂಗತಿ. ನಮ್ಮ ಕರಾವಳಿಯಿಂದಲೇ ಹೊರಡೋಣ.

ಕಾರವಾರದಿಂದ ಉಳ್ಳಾಲದವರೆಗೆ ನಮ್ಮ ಕಡಲ ತಡಿ ಸುಮಾರು 300 ಕಿಲೋಮೀಟರ್. ಐವತ್ತು ವರ್ಷದ ಹಿಂದೆ ಈ ತಡಿಯ ದೊಡ್ಡ ಮೀನುಗಾರಿಕೆ ಎಂದರೆ ರಂಪಣಿ. ವಯಸ್ಸಾದವರಿಗೆ ನೆನಪಿದ್ದೀತು. ಕಾಣದವರಿಗಾಗಿ ಸ್ವಲ್ಪ ವಿವರಿಸುತ್ತೇನೆ.

ರಂಪಣಿ ಒಬ್ಬನ ಬಲೆ ಅಲ್ಲ. ತುಂಡು ತುಂಡು ಬಲೆಗಳನ್ನು ಜೋಡಿಸಿ ಕಟ್ಟಿದ ಮಹಾ ಬಲೆ ಅದು. ಒಂದೊಂದು ಮನೆಯಿಂದ ಒಂದೆರಡು ತುಂಡು ಬರುತ್ತಿತ್ತು. ಎಲ್ಲ ಸೇರಿದರೆ ಕಿಲೋಮೀಟರಿಗೂ ಮೀರಿದ ಉದ್ದ. ಎಳೆಯಲು ಅರವತ್ತು, ಎಂಬತ್ತು ಜನ ಬೇಕು. ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ಬಂಗುಡೆ, ಬೂತಾಯಿ ಹಿಂಡು ಹಿಂಡಾಗಿ ದಡದ ಕಡೆ ಬರುತ್ತವೆ. ಅದೇ ರಂಪಣಿಯ ಕಾಲ.

ಕಣ್ಣು ಚುರುಕಾಗಿರುವ ಒಬ್ಬ ದಡದಲ್ಲಿ ನಿಂತು ನೀರನ್ನೇ ನೋಡುತ್ತಿರುತ್ತಾನೆ. ಹಿಂಡು ಬಂದಾಗ ನೀರಿನ ಬಣ್ಣ ಒಂದು ಕಡೆ ಕಪ್ಪಗಾಗುತ್ತದೆ. ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಚಿಟಿಚಿಟಿ ಏಳುತ್ತದೆ. ಅವನು ಕೂಗು ಹಾಕಿದ ಕೂಡಲೆ ದೊಡ್ಡ ದೋಣಿ ನೀರಿಗೆ. ಬಲೆಯ ಒಂದು ತುದಿಯ ಹಗ್ಗ ದಡದಲ್ಲೇ ಇರುತ್ತದೆ. ದೋಣಿ ಹಿಂಡನ್ನು ಬಳಸಿ ಬಲೆ ಬಿಡುತ್ತಾ ಹೋಗಿ ದೂರದಲ್ಲಿ ಮತ್ತೆ ದಡ ಮುಟ್ಟುತ್ತದೆ. ಆಮೇಲೆ ಎರಡೂ ಕಡೆ ಹಗ್ಗಕ್ಕೆ ಸಾಲುಗಟ್ಟಿ ನಿಂತು ಎಳೆಯುವುದು. ಕಾಲು ಹೊಯ್ಗೆಯಲ್ಲಿ ಹೂಳುತ್ತದೆ. ಒಬ್ಬ ರಾಗ ತೆಗೆದು ಕೂಗುತ್ತಾನೆ, ಉಳಿದವರು ಓಗೊಡುತ್ತಾರೆ. ಮೀನು ತೀರಾ ಹೆಚ್ಚು ಬಿದ್ದರೆ ಒಂದೇ ಸಲಕ್ಕೆ ಮೇಲೆ ತರುತ್ತಿರಲಿಲ್ಲ. ಬಲೆಯನ್ನು ಹಾಗೇ ನೀರಿನಲ್ಲಿ ಭದ್ರ ಮಾಡಿ, ಮೀನನ್ನು ಒಳಗೆ ಜೀವಂತ ಇಟ್ಟು, ಎರಡು ಮೂರು ದಿನ ಬೇಕಾದಷ್ಟೇ ತೆಗೆಯುತ್ತಿದ್ದರು. ಐಸ್ ಪ್ಲಾಂಟು ಇಲ್ಲದ ಕಾಲದಲ್ಲಿ ಕಡಲನ್ನೇ ಉಗ್ರಾಣ ಮಾಡಿಕೊಂಡಿದ್ದರು.

ಇಷ್ಟು ಜನ, ಇಷ್ಟು ಬಲೆ, ಇಷ್ಟು ಮೀನು. ಜಗಳಕ್ಕೆ ಇನ್ನೇನು ಬೇಕು? ಈ ಊರಿನ ರಂಪಣಿಯವರು ಬಲೆ ಬಿಡುವಾಗ ಪಕ್ಕದ ಊರಿನವರು ಅಡ್ಡ ಬರಬಹುದು. ಬಲೆ ಕೊಟ್ಟವನಿಗೆಷ್ಟು, ಎಳೆದವನಿಗೆಷ್ಟು ಎಂಬ ಮಾತು ಏಳಬಹುದು. ಜ್ವರ ಬಂದು ಮಲಗಿದವನ ಪಾಲು ಏನಾಗಬೇಕು ಎಂಬ ಪ್ರಶ್ನೆಯೂ ಇದೆ. ಇದಕ್ಕೆಲ್ಲ ಮೊಗವೀರ, ಖಾರ್ವಿ, ಹರಿಕಂತ್ರ ಸಮಾಜಗಳಲ್ಲಿ ಅವರವರದೇ ಕೂಟಗಳಿದ್ದವು. ಸಮಾಜದ ಮುಖ್ಯಸ್ಥರಾದ ಗುರಿಕಾರರ ಮುಂದೆ ಮಾತಾಗುತ್ತಿತ್ತು. ದೇವಸ್ಥಾನದ ಎದುರು ತೀರ್ಮಾನ ಆಗುತ್ತಿತ್ತು.

ಆದರೆ ತೀರ್ಮಾನ ನಿಂತದ್ದು ಗುರಿಕಾರರ ಗತ್ತಿನಿಂದ ಮಾತ್ರ ಎಂದು ನನಗೆ ಅನಿಸುವುದಿಲ್ಲ. ಮೀನು ಬಂದು ಬೀಳುವುದು ದಡದಲ್ಲಿ. ಎಳೆದ ಎಂಬತ್ತು ಜನವೂ ಅಲ್ಲೇ ನಿಂತಿದ್ದಾರೆ. ಬುಟ್ಟಿ ಹಿಡಿದ ಹೆಂಗಸರು ಅಲ್ಲೇ ಇದ್ದಾರೆ. ಮಕ್ಕಳೂ ಕಾಗೆಗಳೂ ಅಲ್ಲೇ. ಎಷ್ಟು ಬಿತ್ತು ಎಂಬುದನ್ನು ಮುಚ್ಚಿಡಲು ಸಾಧ್ಯವೇ ಇಲ್ಲ. ಲೆಕ್ಕಪತ್ರ ಬೇಡ, ಲೆಕ್ಕ ನೋಡುವವನಿಗೆ ಸಂಬಳವೂ ಬೇಡ. ಊರೇ ಲೆಕ್ಕ ನೋಡುತ್ತಿತ್ತು.

ಇಲ್ಲಿ ಒಂದು ಮಾತು ಸೇರಿಸಬೇಕು. ಇದನ್ನು ಕೇಳಿ, ಆಹಾ ಎಂಥಾ ಕಾಲ ಎಂದುಕೊಳ್ಳಬೇಡಿ. ಕೂಟದಲ್ಲಿ ಕೂರುತ್ತಿದ್ದವರು ಗಂಡಸರು. ಮೀನು ಹೊತ್ತು ಮಾರುತ್ತಿದ್ದವರು ಹೆಂಗಸರು. ಮಾರಿದ ಮೇಲೆ ಬರುವ ದುಡ್ಡಿನ ಮೇಲೆ ಇಡೀ ಸಂಸಾರ ನಡೆಯುತ್ತಿದ್ದರೂ ಕೂಟದಲ್ಲಿ ಅವರ ಮಾತಿಗೆ ಜಾಗ ಇರಲಿಲ್ಲ. ಬಲೆ, ದೋಣಿ ಮಾಡಲು ಸಾಲ ಕೊಟ್ಟ ಸಾಹುಕಾರ ಮೀನಿನ ಬೆಲೆಯನ್ನೂ ತಾನೇ ಕಟ್ಟುತ್ತಿದ್ದುದುಂಟು. ಒಗ್ಗಟ್ಟು ಇತ್ತು, ನಿಜ. ಸಮಾನತೆ ಇತ್ತು ಎಂದರೆ ಸುಳ್ಳಾಗುತ್ತದೆ.

ಈವರೆಗೆ ಹೇಳಿದ್ದು ಇಷ್ಟು. ರಂಪಣಿಯ ಕಟ್ಟಳೆಗಳು ನಿಂತದ್ದು ಎಲ್ಲರ ಕಣ್ಣೆದುರು ಎಲ್ಲ ನಡೆಯುತ್ತಿದ್ದುದರಿಂದ. ಆದರೆ ರಂಪಣಿ ಒಂದೇ ಬಲೆ, ಒಂದೇ ಗುಂಪು. ಒಬ್ಬೊಬ್ಬನಿಗೂ ಒಂದೊಂದು ದೋಣಿ, ಒಂದೊಂದು ಬಲೆ ಇದ್ದರೆ? ಆಗ ಕಣ್ಣು ತಪ್ಪಿಸುವುದು ಸುಲಭ. ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ದೂರ ಹೋಗೋಣ, ಟರ್ಕಿ ದೇಶಕ್ಕೆ.

ಟರ್ಕಿಯ ತೆಂಕಣ ಕರಾವಳಿಯಲ್ಲಿ ಅಲಾನ್ಯಾ ಎಂಬ ಊರಿದೆ. 1970ರ ದಶಕದ ಮೊದಲಲ್ಲಿ ಅಲ್ಲಿ ಸುಮಾರು ನೂರು ಮಂದಿ ಸಣ್ಣ ಮೀನುಗಾರರಿದ್ದರು. ಒಂದು ದೋಣಿಗೆ ಇಬ್ಬರು ಮೂವರು. ಕಡಲಲ್ಲಿ ಕೆಲವು ಜಾಗ ಒಳ್ಳೆಯವು, ಕೆಲವು ಬರಡು. ಒಳ್ಳೆಯ ಜಾಗಕ್ಕೆ ಎಲ್ಲರೂ ನುಗ್ಗುತ್ತಿದ್ದರು. ಮಾತು ಬೆಳೆದು ಕೈಕೈ ಮಿಲಾಯಿಸುವುದೂ ಆಗುತ್ತಿತ್ತು. ಮೊದಲು ಹೋದವನಿಗೆ ಜಾಗ ಎನ್ನುವ ಆಸೆಯಿಂದ ನಡುರಾತ್ರಿಯೇ ಹೊರಟರೆ ಡೀಸೆಲ್ಲೂ ನಿದ್ದೆಯೂ ದಂಡ.

ಅಲ್ಲಿನ ಸಹಕಾರಿ ಸಂಘದವರು ಒಂದು ಉಪಾಯ ಹೂಡಿದರು. ಅದು ಸರಿಯಾಗಿ ಕೂರಲು ಸುಮಾರು ಹತ್ತು ವರ್ಷ ಬೇಕಾಯಿತು. ಆಮೇಲೆ ನಡೆದದ್ದು ಹೀಗೆ. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಮೀನುಗಾರರ ಪಟ್ಟಿ ಮಾಡುತ್ತಾರೆ. ಲೈಸೆನ್ಸ್ ಇದ್ದ ಎಲ್ಲರೂ ಪಟ್ಟಿಯಲ್ಲಿ, ಸಂಘದ ಸದಸ್ಯರಾಗಿರಲಿ, ಇಲ್ಲದಿರಲಿ. ಬಲೆ ಹಾಕುವ ಜಾಗಗಳನ್ನೂ ಹೆಸರು ಹಿಡಿದು ಪಟ್ಟಿ ಮಾಡುತ್ತಾರೆ. ಒಂದರ ಬಲೆ ಇನ್ನೊಂದಕ್ಕೆ ಅಡ್ಡ ಬಾರದಷ್ಟು ದೂರ ಇಡುತ್ತಾರೆ. ನಂತರ ಚೀಟಿ ಎತ್ತುತ್ತಾರೆ. ಯಾರಿಗೆ ಯಾವ ಜಾಗ ಬಂದಿತೋ ಅಲ್ಲಿಂದ ಅವರ ಆರಂಭ.

ಆದರೆ ಕೆಟ್ಟ ಜಾಗದ ಚೀಟಿ ಬಂದವನ ಗತಿ ಏನು? ಅವನು ಅಲ್ಲೇ ಕೊಳೆಯಬೇಕಾಗಿಲ್ಲ. ಸೆಪ್ಟೆಂಬರಿನಿಂದ ಜನವರಿಯವರೆಗೆ ಎಲ್ಲರೂ ದಿನಕ್ಕೊಂದು ಜಾಗ ಪೂರ್ವಕ್ಕೆ ಸರಿಯುತ್ತಾರೆ. ಜನವರಿ ಕಳೆದ ಮೇಲೆ ಪಶ್ಚಿಮಕ್ಕೆ. ಯಾಕೆಂದರೆ ಮೀನಿನ ಓಡಾಟವೂ ಋತುವಿಗೆ ತಕ್ಕಂತೆ ಹಾಗೆಯೇ ತಿರುಗುತ್ತದೆ. ಹೀಗಾಗಿ ಒಳ್ಳೆಯ ಜಾಗ ಎಲ್ಲರ ಪಾಲಿಗೂ ಒಂದಲ್ಲ ಒಂದು ದಿನ ಬರುತ್ತದೆ. ಆ ಪಟ್ಟಿಗೆ ಎಲ್ಲರ ಒಪ್ಪಿಗೆ ಪಡೆದು, ಊರಿನ ಮೇಯರ್ ಹತ್ತಿರ ಒಂದು ಪ್ರತಿ, ಪೊಲೀಸ್ ಠಾಣೆಯಲ್ಲಿ ಒಂದು ಪ್ರತಿ ಇಡುತ್ತಾರೆ. ತಕರಾರು ಬಂದರೆ ಕಾಫಿ ಅಂಗಡಿಯಲ್ಲಿ ಕೂತು ಮಾತಾಡಿ ಮುಗಿಸುತ್ತಾರೆ.

ಈಗ ಕಾವಲಿನ ಮಾತು. ಇವತ್ತು ಒಳ್ಳೆಯ ಜಾಗ ನನ್ನ ಪಾಳಿ ಎನ್ನಿ. ನೀವು ಅಲ್ಲಿ ಕದ್ದು ಬಲೆ ಹಾಕಲು ಬರುತ್ತೀರಿ. ಅಲ್ಲಿ ನಿಮಗೆ ಮೊದಲು ಎದುರಾಗುವವನೇ ನಾನು. ನನಗೆ ಸಿಕ್ಕ ಒಳ್ಳೆಯ ದಿನ, ನಾನು ಬೆಳಗಾಗುವ ಮೊದಲೇ ಅಲ್ಲಿರುತ್ತೇನೆ. ನಾನು ಕೂಗಿದರೆ ಉಳಿದವರು ನನ್ನ ಪರ ನಿಲ್ಲುತ್ತಾರೆ, ನಾಳೆ ಅವರದೂ ಪಾಳಿ ಬರಬೇಕಲ್ಲ. ಕಾವಲುಗಾರನಿಗೆ ಬೇರೆ ಸಂಬಳ ಯಾಕೆ? ಫಿಕ್ರೆಟ್ ಬರ್ಕೆಸ್ ಎಂಬ ಸಂಶೋಧಕರು ಇದನ್ನು ಅಭ್ಯಾಸ ಮಾಡಿ ಬರೆದರು. ಅಮೆರಿಕದ ಎಲಿನಾರ್ ಆಸ್ಟ್ರಂ 1990ರ ತಮ್ಮ ಪುಸ್ತಕದಲ್ಲಿ ಅಲಾನ್ಯಾದ ಉದಾಹರಣೆಯನ್ನು ಎತ್ತಿಕೊಂಡರು. ಇಂಥ ಕೆಲಸಕ್ಕಾಗಿ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಚೀಟಿ ಎತ್ತಿದ ಮೀನುಗಾರರಿಗೂ ಅದರಲ್ಲಿ ಒಂದು ಪಾಲು ಸಲ್ಲಬೇಕಿತ್ತು ಎಂಬುದು ನನ್ನ ತಮಾಷೆ.

ಇಲ್ಲಿಗೆ ಒಳಗಿನ ಜಗಳದ ಮಾತು ಒಂದು ಘಟ್ಟಕ್ಕೆ ಬಂತು. ರಂಪಣಿಯಲ್ಲಿ ಊರೇ ನೋಡುತ್ತಿತ್ತು. ಅಲಾನ್ಯಾದಲ್ಲಿ ಪಾಳಿಯವನೇ ಕಾಯುತ್ತಿದ್ದ. ಎರಡೂ ಕಡೆ ಕಾವಲು ಪುಕ್ಕಟೆ. ಇನ್ನು ಹೊರಗಿನ ಜಗಳ.

ಅದೇ ಟರ್ಕಿಯಲ್ಲಿ ಬೋಡ್ರಮ್ ಎಂಬ ಇನ್ನೊಂದು ಬಂದರಿದೆ. ಅಲ್ಲಿಗೆ ದೊಡ್ಡ ಟ್ರಾಲರುಗಳು ಬಂದವು. ದಡದಿಂದ ಮೂರು ಮೈಲಿಯೊಳಗೆ ಟ್ರಾಲರು ಬರಬಾರದೆಂದು ಕಾನೂನಿತ್ತು. ಕಾಯುವವರಿರಲಿಲ್ಲ. ಸಣ್ಣವರು ದೂರಿದರು, ದೊಡ್ಡವರು ಕೇಳಲಿಲ್ಲ. ಕೊನೆಗೆ ಸಹಕಾರಿ ಸಂಘವೇ ಮುರಿದುಬಿತ್ತು. ಒಂದೇ ದೇಶ, ಒಂದೇ ಕಸುಬು. ಒಂದು ಕಡೆ ಊರಿನವರು ಮಾಡಿಕೊಂಡ ಪಟ್ಟಿ ನಿಂತಿತು. ಇನ್ನೊಂದು ಕಡೆ ಸರ್ಕಾರದ ಗೆರೆ ನಿಲ್ಲಲಿಲ್ಲ.

ನಮ್ಮಲ್ಲೂ ಆದದ್ದು ಹೆಚ್ಚು ಕಡಿಮೆ ಅದೇ. ಮೊದಲು ಟ್ರಾಲ್ ಬೋಟು ಬಂತು. ಸಿಗಡಿಗೆ ಹೊರದೇಶದಲ್ಲಿ ಬೆಲೆ ಬಂದಿತ್ತು. ಟ್ರಾಲ್ ಬಲೆ ಕಡಲ ತಳವನ್ನೇ ಗುಡಿಸಿಕೊಂಡು ಬರುತ್ತದೆ. ಆದರೂ ಬಂಗುಡೆ, ಬೂತಾಯಿ ಮೇಲಿನ ನೀರಿನ ಮೀನು. ರಂಪಣಿಗೆ ಅದರಿಂದ ಪೂರ್ತಿ ಕುತ್ತು ಬರಲಿಲ್ಲ. ಕುತ್ತು ಬಂದದ್ದು 1970ರ ದಶಕದ ನಡುವೆ, ಪರ್ಸೀನ್ ಬಲೆ ಬಂದಾಗ.

ಪರ್ಸೀನ್ ಎಂದರೇನು? ಎಂಜಿನ್ ಬೋಟು ಹಿಂಡನ್ನು ಸುತ್ತುವರಿದು ಬಲೆ ಬಿಡುತ್ತದೆ. ಬಲೆಯ ಕೆಳ ಅಂಚಿನ ಬಳೆಗಳಲ್ಲಿ ಒಂದು ಹಗ್ಗ ಹಾದುಹೋಗಿರುತ್ತದೆ. ಆ ಹಗ್ಗ ಎಳೆದರೆ ಅಜ್ಜಿಯ ಎಲೆಅಡಿಕೆ ಸಂಚಿಯ ಬಾಯಿ ಬಿಗಿದ ಹಾಗೆ ತಳ ಮುಚ್ಚಿಕೊಳ್ಳುತ್ತದೆ. ಇಡೀ ಹಿಂಡು ಒಳಗೆ. ಇದಕ್ಕೆ ಬೇಕಾದದ್ದು ಇಪ್ಪತ್ತು, ಇಪ್ಪತ್ತೈದು ಜನ ಮಾತ್ರ.

ಜನ ಕಡಿಮೆಯಾದದ್ದು ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ರಂಪಣಿಯವರು ಮೀನು ದಡಕ್ಕೆ ಬರಲಿ ಎಂದು ಕಾಯುತ್ತಾರೆ. ಪರ್ಸೀನ್‌ನವರು ಮೀನು ಇದ್ದಲ್ಲಿಗೆ ಹೋಗುತ್ತಾರೆ. ದಡ ಮುಟ್ಟುವ ಮೊದಲೇ ಹಿಂಡು ಹಿಡಿದರೆ ದಡದ ಪಾಲಿನ ಕಟ್ಟಳೆಗೆ ಏನರ್ಥ? ಗುರಿಕಾರರು ಹಾಗೇ ಇದ್ದರು, ದೇವಸ್ಥಾನವೂ ಇತ್ತು, ಎಳೆಯುವ ಜನವೂ ಇದ್ದರು. ಮೀನು ಮಾತ್ರ ಬರಲಿಲ್ಲ. ನೂರಾರು ಪರ್ಸೀನ್ ಬೋಟುಗಳಾದವು. 1980ರ ದಶಕ ಕಾಲಿಡುವಷ್ಟರಲ್ಲಿ ದೊಡ್ಡ ರಂಪಣಿಯ ಕಾಲ ಮುಗಿಯುತ್ತಾ ಬಂದಿತ್ತು.

ಅದೇ ಹೊತ್ತಿನಲ್ಲಿ ಗೋವಾದಲ್ಲೂ ಬೆಂಕಿ ಹತ್ತಿತ್ತು. ಅಲ್ಲಿ ಇದೇ ಬಲೆಗೆ ರಾಂಪೋಣ್ ಎನ್ನುತ್ತಾರೆ, ಎಳೆಯುವವರು ರಾಂಪೋಣ್‌ಕಾರರು. ಮಾಥಾನಿ ಸಲ್ಡಾನಾ ಅವರ ಮುಂದಾಳ್ತನದಲ್ಲಿ ಅವರು ಬೀದಿಗಿಳಿದರು. ದಡದಿಂದ ಐದು ಕಿಲೋಮೀಟರ್ ನಮಗೆ ಬಿಡಿ ಎಂಬುದು ಅವರ ಬೇಡಿಕೆ. ಹೊಡೆದಾಟಗಳಾದವು, ಉಪವಾಸಗಳಾದವು. ಬೇರೆ ಬೇರೆ ರಾಜ್ಯಗಳ ಸಣ್ಣ ಮೀನುಗಾರರು 1978ರಲ್ಲಿ ಒಂದು ರಾಷ್ಟ್ರೀಯ ವೇದಿಕೆ ಕಟ್ಟಿಕೊಂಡರು. ಮುಂದೆ ಅದೇ ರಾಷ್ಟ್ರೀಯ ಮೀನು ಕಾರ್ಮಿಕರ ಒಕ್ಕೂಟವಾಯಿತು. ಈ ತಕರಾರನ್ನು ನೋಡಲು ಕೇಂದ್ರ ಸರ್ಕಾರ 1976ರಲ್ಲೇ ಮಜುಂದಾರ್ ಸಮಿತಿ ನೇಮಿಸಿತ್ತು. ಅದರ ಬೆನ್ನಿಗೆ ಕಡಲ ಮೀನುಗಾರಿಕೆಗೆ ಒಂದು ಮಾದರಿ ಮಸೂದೆ ಬಂತು. ಗೋವಾ, ಕೇರಳ 1980ರಲ್ಲಿ ಕಾಯ್ದೆ ಮಾಡಿದವು. ಕರ್ನಾಟಕದ ಕಾಯ್ದೆ 1986ರದು. ಅಷ್ಟು ಹೊತ್ತಿಗೆ ನಮ್ಮ ರಂಪಣಿ ಬಲೆಗಳು ಅಟ್ಟ ಸೇರಿದ್ದವು.

ಗೋವಾದಲ್ಲಿ ಅಷ್ಟು ದೊಡ್ಡ ಹೋರಾಟ ಆಯಿತು, ನಮ್ಮಲ್ಲಿ ಯಾಕೆ ಅಷ್ಟು ಆಗಲಿಲ್ಲ? ಪ್ರತಿಭಟನೆ ಆಗಲೇ ಇಲ್ಲ ಎಂದಲ್ಲ, ಆಯಿತು. ಆದರೆ ಗೋವಾದಲ್ಲಿ ಎದುರಾಳಿ ಬಹುಮಟ್ಟಿಗೆ ಹೊರಗಿನ ಬಂಡವಾಳಗಾರ. ನಮ್ಮಲ್ಲಿ ಬ್ಯಾಂಕಿನ ಸಾಲ ತೆಗೆದು, ಪಾಲು ಹಾಕಿ ಪರ್ಸೀನ್ ಬೋಟು ಕಟ್ಟಿಸಿದವರಲ್ಲಿ ಮೀನುಗಾರ ಸಮಾಜದವರೇ ಬಹಳ. ನಿನ್ನೆ ರಂಪಣಿ ಎಳೆದವನು ಇವತ್ತು ಪರ್ಸೀನ್‌ನಲ್ಲಿ ಕೂಲಿ. ಅಣ್ಣನಿಗೆ ಬೋಟಿನಲ್ಲಿ ಪಾಲು, ತಮ್ಮನಿಗೆ ದಡದಲ್ಲಿ ಬರಿಗೈ. ಘೋಷಣೆ ಕೂಗುವುದು ಯಾರ ಮನೆಯ ಮುಂದೆ? ಹೊರಗಿನ ಜಗಳ ಮನೆಯೊಳಗೇ ಬಂದು ಕೂತಿತು. ಬಂಗುಡೆಯ ಪಾಲನ್ನು ಹಂಚಿ ಗೊತ್ತಿದ್ದ ಕೂಟಕ್ಕೆ ಬ್ಯಾಂಕಿನ ಸಾಲದ ಪಾಲನ್ನು ಹಂಚುವ ಕಟ್ಟಳೆ ಗೊತ್ತಿರಲಿಲ್ಲ.

ಕೇಳುಗರೇ, ಕಾಯ್ದೆಗಳು ಬಂದವು ಎಂದೆ. ಅವು ಏನು ಮಾಡಿದವು ಎಂದು ಈಗ ನೋಡೋಣ. ಎರಡು ಬಗೆಯ ಕಟ್ಟಳೆ ಬಂತು. ಒಂದು ಗೆರೆಯದು, ಇನ್ನೊಂದು ತಾರೀಖಿನದು.

ಗೆರೆ ಎಂದರೆ, ದಡದಿಂದ ಸುಮಾರು ಆರು ಕಿಲೋಮೀಟರಿನ ಪಟ್ಟಿ ನಾಡದೋಣಿಯವರಿಗೆ. ದೊಡ್ಡ ಬೋಟುಗಳು ಅದರಾಚೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ನೀರಿನ ಮೇಲೆ ಗೆರೆ ಎಳೆದವರುಂಟೇ? ರಾತ್ರಿ ಎರಡು ಗಂಟೆಗೆ ಒಂದು ಬೋಟು ನಾಲ್ಕನೆಯ ಕಿಲೋಮೀಟರಿನಲ್ಲಿತ್ತೋ ಏಳನೆಯದರಲ್ಲಿತ್ತೋ ಹೇಳುವವರು ಯಾರು? ನಾಡದೋಣಿಯವನ ಬಲೆ ಹರಿದು ಚಿಂದಿಯಾಗಿರುತ್ತದೆ. ಬೆಳಗಾದ ಮೇಲೆ ಅವನು ಹರಿದ ಬಲೆ ಹೊತ್ತು ಕಚೇರಿಗೆ ಹೋದರೆ ಸಾಕ್ಷಿ ಎಲ್ಲಿ ಎಂದು ಕೇಳುತ್ತಾರೆ. ಕಾವಲಿಗೆ ಬೋಟು ಬೇಕು, ಇಂಧನ ಬೇಕು, ಸಿಬ್ಬಂದಿ ಬೇಕು. ಮುನ್ನೂರು ಕಿಲೋಮೀಟರ್ ತಡಿಗೆ ಎಷ್ಟು ಬೋಟು ಇಟ್ಟರೆ ಸಾಕು?

ತಾರೀಖಿನ ಕಟ್ಟಳೆ ಹಾಗಲ್ಲ. ಕೇರಳದಲ್ಲಿ ವರ್ಷಗಟ್ಟಲೆ ಹೋರಾಟ ನಡೆದು 1988ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಬಂತು. ಈಗ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ರಜೆ. ಮೀನು ಮೊಟ್ಟೆಯಿಡುವ ಕಾಲ ಅದು. ಈ ರಜೆಯನ್ನು ಮಲ್ಪೆಯಲ್ಲಾಗಲಿ ಗಂಗೊಳ್ಳಿಯಲ್ಲಾಗಲಿ ಕಾಯುವುದು ಕಷ್ಟವಿಲ್ಲ. ಬೋಟುಗಳು ದಕ್ಕೆಯಲ್ಲಿ ಒಂದಕ್ಕೊಂದು ತಾಗಿ ಸಾಲಾಗಿ ನಿಂತಿರುತ್ತವೆ. ಒಂದು ಬೋಟು ಹೊರಟರೆ ಉಳಿದವರೆಲ್ಲ ಕೇಳುತ್ತಾರೆ, ನಮಗಿಲ್ಲದ್ದು ನಿನಗೆ ಹೇಗೆ? ಎದುರಾಳಿಯೇ ಕಾವಲುಗಾರ. ಅಲಾನ್ಯಾದ ಪಾಳಿಯ ಲೆಕ್ಕ ಇಲ್ಲಿಯೂ ಹೊಂದುತ್ತದೆ. ಆ ಎರಡು ತಿಂಗಳು ಸಣ್ಣ ಎಂಜಿನ್ನಿನ ನಾಡದೋಣಿಗಳಿಗೆ ಅವಕಾಶ ಇದೆ. ಕಡಲು ಮುನಿಯದಿದ್ದರೆ ಅವರಿಗೆ ಒಂದಿಷ್ಟು ದುಡಿಮೆ.

ಹಾಗಾದರೆ ಮತ್ತೊಮ್ಮೆ. ಗೆರೆ ಕಾಯಲು ಖರ್ಚು ಹೆಚ್ಚು. ತಾರೀಖು ಕಾಯಲು ಖರ್ಚು ಕಡಿಮೆ. ಈ ಎರಡನ್ನೂ ಇಟ್ಟುಕೊಂಡು ಇವತ್ತಿನ ಜಗಳಕ್ಕೆ ಬರೋಣ. ಅದು ಬೆಳಕಿನ ಮೀನುಗಾರಿಕೆ.

ಬೋಟಿನಲ್ಲಿ ಜನರೇಟರ್ ಇಟ್ಟು, ಭಾರಿ ಎಲ್‌ಇಡಿ ದೀಪಗಳನ್ನು ನೀರಿನ ಮೇಲೆ ಬಿಟ್ಟರೆ ಮೀನು ಬೆಳಕಿಗೆ ಮುತ್ತುತ್ತದೆ. ದೊಡ್ಡದು, ಮರಿ ಎಂಬ ಭೇದವಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಇದನ್ನು ನಿಷೇಧಿಸಿತು. ನಿಷೇಧ ಆದ ಮೇಲೂ ನಾಡದೋಣಿಯವರು ಮನವಿ ಕೊಡುತ್ತಲೇ ಇದ್ದಾರೆ, ದಕ್ಕೆ ಬಂದ್ ಮಾಡುತ್ತಲೇ ಇದ್ದಾರೆ. ಮತ್ಸ್ಯಕ್ಷಾಮ ಎಂಬ ಶಬ್ದ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ದೀಪ ಹಾಕುವ ಬೋಟಿನವನಿಗೂ ತನ್ನ ನ್ಯಾಯ ಇದೆ. ಲಕ್ಷಗಟ್ಟಲೆ ಸಾಲ, ಏರಿದ ಡೀಸೆಲ್ ಬೆಲೆ. ಪಕ್ಕದವನು ಹಾಕುತ್ತಾನೆ, ನಾನು ಬಿಟ್ಟರೆ ನಾನೊಬ್ಬನೇ ಕೆಟ್ಟೆ ಎನ್ನುತ್ತಾನೆ. ಅವನ ಮಾತು ತೀರಾ ಸುಳ್ಳಲ್ಲ.

ಕಡಲಲ್ಲಿ ಇದನ್ನು ಹಿಡಿಯಹೊರಟರೆ ಅದೇ ಗೆರೆಯ ಕಷ್ಟ. ದಡದಿಂದ ಸುಮಾರು 22 ಕಿಲೋಮೀಟರ್ ದಾಟಿದರೆ ರಾಜ್ಯದ ಅಧಿಕಾರವೂ ಮುಗಿಯಿತು, ಅಲ್ಲಿಂದಾಚೆ ಕೇಂದ್ರದ್ದು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಬಹುದು. ಆದರೆ ಜನರೇಟರ್ ಕಿಸೆಯಲ್ಲಿ ಮುಚ್ಚಿಡುವ ವಸ್ತುವಲ್ಲ. ಬೋಟು ಹೊರಡುವುದೂ ಮರಳುವುದೂ ದಕ್ಕೆಗೇ. ಹಿಡಿಯುವುದಿದ್ದರೆ ಅಲ್ಲಿ ಹಿಡಿಯಬೇಕು. ಮೀನುಗಾರರ ಸಂಘಗಳೇ, ಎರಡೂ ಕಡೆಯವರು ಸೇರಿ, ಪಾಳಿ ಹಾಕಿಕೊಂಡು ನೋಡಲಿ. ನಾಡದೋಣಿಯ ಒಬ್ಬ, ಬೋಟಿನ ಒಬ್ಬ. ಇಲಾಖೆಯವರು ಜೊತೆಗಿರಲಿ.

ಮರಿ ಮೀನಿನ ಲೆಕ್ಕವೂ ದಕ್ಕೆಯಲ್ಲೇ ಆಗುವುದು ಒಳ್ಳೆಯದು. ಕೇರಳ 2015ರಲ್ಲಿ ಮೀನಿನ ಅಳತೆ ಗೊತ್ತುಮಾಡಿತು. ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಹಿಡಿಯಬಾರದು. ಇದನ್ನು ನೋಡಲು ಯಂತ್ರ ಬೇಡ. ಬೆಳಗಿನ ಜಾವ ಹರಾಜಿಗೆ ಬುಟ್ಟಿ ಹಿಡಿದು ನಿಲ್ಲುವ ಹೆಂಗಸರಿಗೆ ಕೈಗೆತ್ತಿಕೊಂಡ ಕೂಡಲೆ ಗೊತ್ತಾಗುತ್ತದೆ. ಮರಿ ಮೀನು ಬಂದರೆ ಅವರಿಗೇ ನಷ್ಟ. ಅದು ತಿನ್ನುವ ಮೀನಾಗಿ ಮಾರಾಟವಾಗುವುದಿಲ್ಲ, ಮೀನೆಣ್ಣೆ, ಮೀನುಹುಡಿಯ ಕಾರ್ಖಾನೆಗೆ ಲಾರಿಯಲ್ಲಿ ಹೋಗುತ್ತದೆ, ಅವರ ಬುಟ್ಟಿ ಖಾಲಿ ಉಳಿಯುತ್ತದೆ. ಯಾವ ಬೋಟಿನಿಂದ ಏನು ಇಳಿಯಿತು ಎಂಬುದು ಅವರಿಗೆ ಗೊತ್ತಿಲ್ಲದೆ ಇರುವುದಿಲ್ಲ. ಹೀಗೆ ಪಾಳಿ ಹಾಕಿ ಕಾಯುವ ದಕ್ಕೆಯ ಸಮಿತಿಯಲ್ಲಿ ಅರ್ಧ ಜಾಗ ಅವರಿಗೆ ಕೊಡಿ, ಬೋಟಿಗೆ ನೋಟೀಸು ಕೊಡುವ ಮೊದಲು ಅವರನ್ನು ಕೇಳಿ. ರಂಪಣಿಯ ಕೂಟ ಅವರನ್ನು ಕರೆಯಲಿಲ್ಲ. ಮುಂದಿನ ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿಯುವ ಮೊದಲು ಆ ಸಮಿತಿಯ ಪಟ್ಟಿ ಮಾಡಲು ಎರಡು ತಿಂಗಳ ರಜೆ ಇದೆ.